ಲಕ್ಕವ್ವ ಯಾರನ್ನು ನೋಡಿ ನಕ್ಕಳು

ಮುಂಬೈ

ಲಂಡನ್ನಿನಿಂದ ಬಂದ ಮೇಲೆ ಸಿಕ್ಕವರೆಲ್ಲ ಕೇಳುವುದು ಒಂದೇ ಮಾತು: ಏನೇನು ನೋಡಿದಿರಿ? ಸೇತುವೆ ನೋಡಿದೆ, ಅರಮನೆಯ ಗೇಟು ನೋಡಿದೆ, ನದಿಯನ್ನೂ ನೋಡಿದೆ. ಆದರೆ ಊರಿನ ಅರ್ಧ ಭಾಗವನ್ನು ಸಿಟ್ಟಿನಲ್ಲೇ ನೋಡಿದ್ದರಿಂದ ಅದು ಹೇಗಿತ್ತು ಎಂದರೆ ಸರಿಯಾಗಿ ಹೇಳಲು ಬರುವುದಿಲ್ಲ. ನೆನಪಿನಲ್ಲಿ ಗಟ್ಟಿಯಾಗಿ ನಿಂತಿರುವುದು ಒಂದು ಕ್ಲಬ್ಬು. ಅದರ ಕಥೆ ಹೇಳಿದರೆ ನನ್ನ ಪ್ರವಾಸದ ಕಥೆ ಹೇಳಿದಂತೆಯೇ.

ನಾನು ಅರಭಾವಿಯಲ್ಲಿ ತೋಟಗಾರಿಕೆ ಕಲಿಸುವವಳು. ಕೊಯ್ದ ತರಕಾರಿ ಬಾಡದಂತೆ ಇಡುವುದು ಹೇಗೆ ಎಂದು ಕಲಿತುಕೊಂಡು ಬಾ ಅಂತ ನನ್ನನ್ನು ಕೆಲವು ವಾರ ಇಂಗ್ಲೆಂಡಿಗೆ ಕಳಿಸಿದ್ದರು. ತವರುಮನೆ ಬೆಲ್ಲದ ಬಾಗೇವಾಡಿಯ ಹತ್ತಿರ. ಕುರಿ ಕಾಯುವ ಮನೆತನ. ನಾನು ಸಾಲಿ ಚೀಲ ಹಿಡಿದೆ, ತಮ್ಮ ಮಾಳಪ್ಪ ಕೋಲು ಹಿಡಿದ. ಯಾರ ಬದುಕು ಸುಖದ್ದು ಎಂದು ನಾವಿಬ್ಬರೂ ಈಗಲೂ ವಾದ ಮಾಡುತ್ತೇವೆ.

ಹೊರಡುವ ದಿನ ಮಾಳಪ್ಪ ನನ್ನ ಸ್ವೆಟರನ್ನು ಬೆರಳಲ್ಲಿ ಹಿಡಿದು ನೋಡಿ ನಕ್ಕ. ಇದರಿಂದ ಥಂಡಿ ಹೋಗುವುದಿಲ್ಲ ಎಂದು ಕಾಕಾ ನೇಯ್ದ ಕರಿ ಕಂಬಳಿಯನ್ನು ಚೀಲದ ಮೇಲೆ ಹೇರಿದ. ಅವನ ಹೆಂಡತಿ ಲಕ್ಕವ್ವ ಗೋಕಾಕದ ಕರದಂಟಿನ ಡಬ್ಬಿಗಳನ್ನು ತುರುಕಿದಳು. ಮುಂಬೈಯ ವಿಮಾನ ನಿಲ್ದಾಣದಲ್ಲಿ ಆ ಡಬ್ಬಿಗಳು ಯಂತ್ರದ ಪರದೆಯ ಮೇಲೆ ಇಟ್ಟಿಗೆಯಂತೆ ಕಾಣಿಸಿದವಂತೆ. ಸಿಬ್ಬಂದಿಯವನು ಬಿಚ್ಚಿಸಿದ, ಮೂಸಿದ, ಬೆರಳಿನಿಂದ ಬಡಿದ. ಇದೇನೆಂದು ಮರಾಠಿಯಲ್ಲಿ ಕೇಳಿದ. ತಿಂದರೆ ತಿಳಿಯುತ್ತದೆ ಎಂದೆ. ತಿಂದ. ಆಮೇಲೆ ವಿಚಾರಣೆ ನಿಂತಿತು. ಆದರೆ ಅವನ ಸಹೋದ್ಯೋಗಿಗಳಿಗೂ ವಿಚಾರಣೆಯ ಆಸೆ ಹುಟ್ಟಿ ಒಂದು ಡಬ್ಬಿ ಅಲ್ಲೇ ಖಾಲಿಯಾಯಿತು.

ಹಿಲ್ಡಾಳ ಮನೆ

ಲಂಡನ್ನಿನಲ್ಲಿ ನಾನು ಇಳಿದುಕೊಂಡದ್ದು ಹಿಲ್ಡಾ ಎಂಬ ಮುದುಕಿಯ ಮನೆಯ ಮೇಲಿನ ಕೋಣೆಯಲ್ಲಿ. ಒಬ್ಬಳೇ ಇರುವವಳು, ಒಳ್ಳೆಯವಳು, ಆದರೆ ಪಾತ್ರೆ ತೊಳೆಯುವ ರೀತಿ ನೋಡಿ ನನಗೆ ಮೊದಲ ದಿನವೇ ಜೀವ ಹಾರಿತು. ಸೋಪಿನ ನೀರಲ್ಲಿ ತಟ್ಟೆ ಅದ್ದಿ, ನೊರೆ ಸಮೇತ ಎತ್ತಿ, ಬಟ್ಟೆಯಿಂದ ಒರೆಸಿ ಇಟ್ಟುಬಿಡುತ್ತಾಳೆ. ಮತ್ತೊಮ್ಮೆ ನೀರು ಹಾಕುವುದಿಲ್ಲ. ಅವಳು ಮಲಗಿದ ಮೇಲೆ ನಾನು ಕೆಳಗಿಳಿದು ಬಂದು ನನ್ನ ತಟ್ಟೆಯನ್ನು ಮಾತ್ರ ತೊಳೆದುಕೊಳ್ಳುತ್ತಿದ್ದೆ.

ಹಿಲ್ಡಾಳ ಪಡಸಾಲೆಯಲ್ಲಿ ಗೋಡೆಯಷ್ಟು ಅಗಲದ ಜಗತ್ತಿನ ನಕ್ಷೆ. ಹೋಗಿಬಂದ ದೇಶಕ್ಕೆಲ್ಲ ಕೆಂಪು ತಲೆಯ ಗುಂಡುಪಿನ್ನು ಚುಚ್ಚಿದ್ದಾಳೆ. ಎಂಬತ್ತು ದಾಟಿವೆಯಂತೆ. ನಮ್ಮ ಕಡೆ ಹೊಸಬರು ಬಂದರೆ ಯಾವ ಊರು, ಯಾರ ಪೈಕಿ, ಊಟ ಆಯಿತೇ ಎಂದು ಕೇಳುತ್ತೇವೆ. ಅವಳು ಕೇಳಿದ್ದು, ನಿನ್ನವು ಎಷ್ಟು ದೇಶ? ಇದೇ ಮೊದಲನೆಯದು ಎಂದೆ. ಪಾಪ ಎನ್ನುವಂತೆ ನನ್ನ ತೋಳು ತಟ್ಟಿದಳು.

ಒಂದು ಸಂಜೆ ಚಹಾ ಕುಡಿಯುತ್ತ ನಮ್ಮ ಮನೆಯ ಕುರಿಗಳ ವಿಷಯ ಬಂತು. ದೀಪಾವಳಿ ಮುಗಿದ ಮೇಲೆ ನಮ್ಮವರು ಹಿಂಡು ಹೊಡೆದುಕೊಂಡು ಪಡುವಣದ ಭತ್ತದ ಗದ್ದೆಗಳ ಕಡೆ ಹೋಗುತ್ತಾರೆ, ಕುದುರೆಯ ಮೇಲೆ ಪಾತ್ರೆ, ಕೂಸು, ಕೋಳಿ ಹೇರಿಕೊಂಡು ಹೆಂಗಸರೂ ಹೋಗುತ್ತಾರೆ, ಮಳೆಗಾಲಕ್ಕೆ ಮುಂಚೆ ಮರಳುತ್ತಾರೆ ಎಂದು ಹೇಳುತ್ತಿದ್ದೆ. ಹಿಲ್ಡಾ ಕಪ್ಪು ಕೆಳಗಿಟ್ಟಳು. ತಾನೊಂದು ಕ್ಲಬ್ಬಿನ ಸದಸ್ಯೆ, ಸಾಹಸ ಪ್ರವಾಸಿಗಳೆಲ್ಲ ಸೇರಿ ಅನ್ವೇಷಕರ ಮಾತು ಕೇಳುವ ಕ್ಲಬ್ಬು, ಬರುವ ಗುರುವಾರದ ಉಪನ್ಯಾಸ ಇದೇ ವಿಷಯದ ಮೇಲಿದೆ ಎಂದಳು. ಆಮಂತ್ರಣ ತಂದು ತೋರಿಸಿದಳು. ‘ದಖ್ಖನ್ನಿನ ಕಳೆದುಹೋದ ಕುರುಬರು’ ಎಂದು ಅಚ್ಚಾಗಿತ್ತು. ಕಳೆದುಹೋದವರು ಯಾರು? ಅದೇ ಮುಂಜಾನೆ ಮಾಳಪ್ಪ ಫೋನು ಮಾಡಿ ಹಿತ್ತಲ ಬೇಲಿಯ ವಿಷಯ ಮಾತಾಡಿದ್ದ.

ಕೆಳಗೆ ಉಪನ್ಯಾಸಕನ ಹೆಸರು ಓದಿದೆ. ಡಂಕನ್.

ಈ ಡಂಕನ್ ಯಾರು ಎಂದು ಇಲ್ಲೇ ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ದೀಪಾವಳಿಯ ಹೊತ್ತಿಗೆ ನಮ್ಮ ಮನೆಗೆ ಬಂದಿದ್ದ. ಕುರಿ ಹಿಂಡಿನ ಜೊತೆ ಪೂರ್ತಿ ಹಾದಿ ನಡೆಯಬೇಕು ಎಂದ. ಅವನ ಇಂಗ್ಲಿಷನ್ನು ನಮ್ಮವರಿಗೆ, ನಮ್ಮವರ ಮಾತನ್ನು ಅವನಿಗೆ ಹೇಳಿದವಳು ನಾನೇ. ರೊಟ್ಟಿ ತಿಂದ, ಝುಣಕ ತಿಂದ, ಹೊರಟ. ಹುಕ್ಕೇರಿ ದಾಟಿ ಒಂದು ವಾರವೂ ಆಗಿರಲಿಲ್ಲ, ಕಾಲಲ್ಲಿ ಬೊಕ್ಕೆ ಎದ್ದು, ಹೊಟ್ಟೆ ಕೆಟ್ಟು, ಕಾರು ತರಿಸಿಕೊಂಡು ಹೋದ. ಹೋಗುವಾಗ ತನ್ನ ಎರಡು ಕ್ಯಾಮೆರಾಗಳಲ್ಲಿ ಒಂದನ್ನು ಮಾಳಪ್ಪನ ಕೈಗೆ ಕೊಟ್ಟು, ಎಲ್ಲಿ ಒತ್ತಬೇಕೆಂದು ತೋರಿಸಿ, ಕಂಡದ್ದನ್ನೆಲ್ಲ ತೆಗೆದಿಡು ಎಂದಿದ್ದ. ಹಿಂಡು ಮರಳಿದ ಮೇಲೆ ಬಂದು ಕ್ಯಾಮೆರಾ ಇಸಿದುಕೊಂಡ. ಮಾಳಪ್ಪನಿಗೆ ಒಂದು ಟೋಪಿ ಕೊಟ್ಟ. ಆ ಟೋಪಿ ನಮ್ಮ ಟಗರಿಗೇ ಹೆಚ್ಚು ಒಪ್ಪುತ್ತಿತ್ತು.

ಹಿಲ್ಡಾಳಿಗೆ ಇದನ್ನೆಲ್ಲ ಹೇಳಲಿಲ್ಲ. ಆಗಿನ್ನೂ ನನಗೆ ಸಿಟ್ಟು ಬಂದಿರಲಿಲ್ಲ. ಖುಷಿಯೇ ಆಗಿತ್ತು. ನಮ್ಮವರ ಹೆಸರನ್ನು ಲಂಡನ್ನಿನಲ್ಲಿ ಕೇಳುತ್ತೇನೆ, ಮಾಳಪ್ಪ ತೆಗೆದ ಫೋಟೋ ದೊಡ್ಡ ಪರದೆಯ ಮೇಲೆ ನೋಡುತ್ತೇನೆ ಎಂದುಕೊಂಡೆ. ಅವನಿಗೆ ಫೋನು ಮಾಡಿ ಹೇಳಿದೆ. ಅವನು ಆ ದಿನವೇ ಅರ್ಧ ಊರಿಗೆ ಹೇಳಿದ.

ಕ್ಲಬ್ಬಿನ ಬಾಗಿಲು

ಹಳೆಯ ಕಲ್ಲಿನ ಕಟ್ಟಡ. ಒಳಗೆ ಹೋದ ಕೂಡಲೇ ಒಬ್ಬಾತ ನನ್ನ ಮೈಮೇಲಿನ ಕಂಬಳಿಯನ್ನು ಎರಡು ಬೆರಳಲ್ಲಿ ತೆಗೆದುಕೊಂಡು, ಕೋಟುಗಳ ಕೋಣೆಯಲ್ಲಿ ನೇತುಹಾಕಿ, ಕೈಗೆ ಒಂದು ಬಿಲ್ಲೆ ಕೊಟ್ಟ. ಹೊದ್ದವರು ಒಳಗೆ ಬರುವಂತಿಲ್ಲವಂತೆ. ಇರಲಿ, ಅವರ ಮನೆಯ ರೀತಿ ಎಂದುಕೊಂಡು ಒಳಗೆ ಹೋದರೆ, ಹಜಾರದ ನಡುವೆ ಗಾಜಿನ ಪೆಟ್ಟಿಗೆ, ಅದರೊಳಗೆ ಸಣ್ಣ ದೀಪದ ಬೆಳಕಿನಲ್ಲಿ ಮಡಿಸಿಟ್ಟ ಕರಿ ಕಂಬಳಿ! ಅದೇ ಉಣ್ಣೆ, ಅದೇ ಅಂಚು. ‘ಅಲೆಮಾರಿಗಳ ಮಳೆಯಂಗಿ’ ಎಂದು ಕೆಳಗೆ ಬರೆದಿದ್ದರು. ಪೆಟ್ಟಿಗೆಯೊಳಗಿನ ಕಂಬಳಿಯನ್ನು ಜನ ಬಗ್ಗಿ ಬಗ್ಗಿ ನೋಡುತ್ತಿದ್ದರು. ನನ್ನದು ಮಾತ್ರ ಹೊರಗೆ ಒದ್ದೆ ಛತ್ರಿಗಳ ಬಾಜೂಕ್ಕೆ ನೇತಾಡುತ್ತಿತ್ತು.

ಸದಸ್ಯರೆಲ್ಲ ಗ್ಲಾಸು ಹಿಡಿದು ನಿಂತಿದ್ದರು. ಒಬ್ಬನು ಮರುಭೂಮಿಯಲ್ಲಿ ಒಂಟೆ ಕಚ್ಚಿದ್ದು ಹೇಳಿದರೆ ಇನ್ನೊಬ್ಬಳು ಹಿಮದಲ್ಲಿ ಬೆರಳು ಕಳೆದುಕೊಂಡದ್ದು ಹೇಳುತ್ತಾಳೆ. ಯಾರೂ ಯಾರನ್ನೂ ತಡೆಯುವುದಿಲ್ಲ. ನನಗೆ ನಮ್ಮ ಬೀರದೇವರ ಗುಡಿಯ ಕಟ್ಟೆ ನೆನಪಾಯಿತು. ಹಿಂಡು ಮರಳಿದ ಮೇಲೆ ಅಲ್ಲೂ ಹೀಗೇ ಕೂತು ಹಾದಿಯ ಕಥೆ ಹೇಳುತ್ತಾರೆ. ಯಾವ ಹಳ್ಳದಲ್ಲಿ ನೀರಿತ್ತು, ಎಲ್ಲಿ ತೋಳ ಬಂತು. ಆದರೆ ಅಲ್ಲಿ ಯಾರಾದರೂ ಒಂದು ತೋಳವನ್ನು ಎರಡು ಮಾಡಿದರೆ, ಕೂಡ ನಡೆದವರು ಬಾಜೂಕ್ಕೇ ಕೂತಿರುತ್ತಾರೆ. ಏ ಸುಳ್ಳ ಹೇಳಬ್ಯಾಡೋ ಎಂದು ಅಲ್ಲಿಯೇ ಕಿವಿ ಹಿಂಡುತ್ತಾರೆ. ಇಲ್ಲಿ ಆ ಅಡಚಣೆ ಇರಲಿಲ್ಲ.

ಉಪನ್ಯಾಸ

ಡಂಕನ್ ಚೆನ್ನಾಗಿ ಮಾತಾಡುತ್ತಾನೆ, ಅದನ್ನು ಒಪ್ಪಬೇಕು. ದೀಪ ಆರಿಸಿದರು, ಪರದೆಯ ಮೇಲೆ ನಮ್ಮ ಹಿಂಡು ಬಂತು. ನನ್ನ ಕಣ್ಣು ತುಂಬಿ ಬಂತು. ಪರದೇಶದಲ್ಲಿ ನಮ್ಮ ಮನೆಯ ಕುರಿಯನ್ನು ಗುರುತಿಸುವುದು ಎಂಥ ಸಂತೋಷ ಎಂದು ಕುರಿ ಸಾಕಿದವರಿಗೆ ಗೊತ್ತು.

ಆ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಮೊದಲು ಅವನು ಹೇಳಿದ್ದು, ಇವರಿಗೆ ಮನೆಯೆಂಬುದಿಲ್ಲ. ಮನೆಯಿಲ್ಲವೇ? ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಎರಡು ಸಲ ಝುಣಕ ನೀಡಿಸಿಕೊಂಡು ಉಂಡವನು ಇವನು! ಆಮೇಲೆ ಒಂದು ಚಿತ್ರ ಬಂತು. ರೈತನೊಬ್ಬ ಮಾಳಪ್ಪನ ಚೀಲಕ್ಕೆ ಜೋಳ ಸುರಿಯುತ್ತಿದ್ದಾನೆ. ಡಂಕನ್ ಧ್ವನಿ ತಗ್ಗಿಸಿ, ಹಳ್ಳಿಯವರ ಭಿಕ್ಷೆಯಿಂದ ಇವರು ಬದುಕುತ್ತಾರೆ ಎಂದ. ಸಭೆಯಲ್ಲಿ ಅಯ್ಯೋ ಎಂಬ ನಿಟ್ಟುಸಿರು ಎದ್ದಿತು.

ನನ್ನ ಮೈ ಉರಿದುಹೋಯಿತು. ಭಿಕ್ಷೆಯಲ್ಲ ಅದು, ಪಗಾರ. ರಾತ್ರಿ ಹಿಂಡನ್ನು ಹೊಲದಲ್ಲಿ ತರುಬಿದರೆ ಹೊಲಕ್ಕೆ ಗೊಬ್ಬರ ಬೀಳುತ್ತದೆ. ಅದಕ್ಕೆ ರೈತ ಕಾಳು ಅಳೆದು ಕೊಡುತ್ತಾನೆ. ನಮ್ಮ ಹೊಲಕ್ಕೆ ಮೊದಲು ಬಾ ಎಂದು ರೈತರು ಮಾಳಪ್ಪನ ಹಿಂದೆ ಬಿದ್ದು ಕರೆಯುತ್ತಾರೆ, ಕರೆದವರ ಹೊಲಕ್ಕೆ ಹೋಗದಿದ್ದರೆ ಮುನಿಸಿಕೊಳ್ಳುತ್ತಾರೆ. ಹುಕ್ಕೇರಿ ತಾಲೂಕಿನ ಯಾವ ಚಿಕ್ಕ ಹುಡುಗನನ್ನು ಕೇಳಿದ್ದರೂ ಇದನ್ನು ಹೇಳುತ್ತಿದ್ದ. ಡಂಕನ್ ಕೇಳಲಿಲ್ಲ. ಕೇಳಲು ಅವನು ಅಲ್ಲಿ ಇರಲೇ ಇಲ್ಲವಲ್ಲ.

ನಾನು ಎದ್ದು ನಿಲ್ಲಲು ಹೋದೆ. ಹಿಲ್ಡಾ ಕೈ ಹಿಡಿದು ಕೂರಿಸಿದಳು. ಮಾತಿನ ನಡುವೆ ಯಾರೂ ಬಾಯಿ ಹಾಕುವಂತಿಲ್ಲ, ಕೊನೆಯಲ್ಲಿ ಒಬ್ಬರಿಗೆ ಒಂದು ಪ್ರಶ್ನೆ, ಅದೂ ಪ್ರಶ್ನೆಯೇ ಆಗಿರಬೇಕು, ಹೇಳಿಕೆ ಆಗಬಾರದು ಎಂದು ಕಿವಿಯಲ್ಲಿ ಪಿಸುಗುಟ್ಟಿದಳು. ಹೇಳಿಕೆ ಆದರೆ ಅಧ್ಯಕ್ಷೆ ಗಂಟೆ ಬಾರಿಸುತ್ತಾಳಂತೆ. ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತೆ.

ಡಂಕನ್ ಘಟ್ಟ ಹತ್ತಿದ, ಇಳಿದ, ಮಂಜಿನಲ್ಲಿ ದಾರಿ ತಪ್ಪಿದ ಹಿಂಡನ್ನು ತಾನೇ ಮುಂದೆ ನಿಂತು ನಡೆಸಿದ. ಪ್ರತಿ ಚಿತ್ರದಲ್ಲೂ ನಮ್ಮ ನಾಯಿಗಳು ಕ್ಯಾಮೆರಾದ ಮುಂದೆ ಆರಾಮವಾಗಿ ಕಾಲು ಚಾಚಿ ಮಲಗಿದ್ದವು. ಆ ನಾಯಿಗಳು ಡಂಕನ್‌ನನ್ನು ನಮ್ಮ ಅಂಗಳಕ್ಕೇ ಬಿಟ್ಟುಕೊಂಡಿರಲಿಲ್ಲ, ಸರಪಳಿ ಹಾಕಬೇಕಾಗಿತ್ತು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಅನ್ನುತ್ತಾರಲ್ಲ, ಇವನದು ಯಾರದೋ ಕಾಲಿನ ನಡಿಗೆ.

ಕೊನೆಯ ಚಿತ್ರ ಬಂತು.

ಲಕ್ಕವ್ವ. ಕಾಲುವೆಯ ದಂಡೆಯ ಮೇಲೆ ಕೂತಿದ್ದಾಳೆ. ಎರೆದುಕೊಂಡ ಕೂದಲನ್ನು ಬಿಸಿಲಿಗೆ ಹರವಿಕೊಂಡಿದ್ದಾಳೆ, ತಲೆಯ ಮೇಲೆ ಸೆರಗಿಲ್ಲ. ತೊಡೆಯ ಮೇಲೆ ಎಳೆಯ ಮರಿ ಸೆರಗಿನ ತುದಿ ಚೀಪುತ್ತಿದೆ. ಲಕ್ಕವ್ವ ಬಾಯಿತುಂಬ ನಗುತ್ತಿದ್ದಾಳೆ. ಅವಳ ಮುಂದಿನ ಒಂದು ಹಲ್ಲು ಸೊಟ್ಟ, ಅದಕ್ಕೆ ಅವಳು ನನ್ನ ಮುಂದೆ ಕೂಡ ಬಾಯಿಗೆ ಕೈ ಅಡ್ಡ ಹಿಡಿದೇ ನಗುವವಳು. ಇಲ್ಲಿ ಕೈ ಇಲ್ಲ. ಅವಳ ಕಣ್ಣು ಕ್ಯಾಮೆರಾದ ಸ್ವಲ್ಪ ಮೇಲೆ, ಅದನ್ನು ಹಿಡಿದವನ ಮುಖದ ಮೇಲಿದೆ.

ಲಕ್ಕವ್ವ ಹೊರಗಿನವರ ಮುಂದೆ ಸೆರಗು ಎಳೆದುಕೊಂಡು ಪಕ್ಕಕ್ಕೆ ತಿರುಗಿ ನಿಲ್ಲುವವಳು. ಡಂಕನ್ ನಮ್ಮ ಮನೆಯಲ್ಲಿ ಉಂಡಾಗ ಬಾಗಿಲ ಸಂದಿನಿಂದ ರೊಟ್ಟಿ ದಾಟಿಸಿದ್ದಳು, ಅವನು ನೋಡಿದ್ದು ಅವಳ ಬಳೆಗಳನ್ನು ಮಾತ್ರ. ಆ ನಗು ಅವಳು ಗಂಡನ ಮುಂದೆ ಮಾತ್ರ ನಗುವ ನಗು. ನಾನು ಅದನ್ನು ಮೊದಲ ಸಲ ನೋಡಿದ್ದು ಆ ದಿನ, ಗ್ಲಾಸು ಹಿಡಿದ ಪರಕೀಯರ ನಡುವೆ ಕೂತು. ನೋಡಬಾರದ್ದನ್ನು ನೋಡಿದಂತೆ ನಾಚಿಕೆಯಾಯಿತು.

ಡಂಕನ್ ಹೇಳಿದ, ನಕ್ಷೆಯಲ್ಲಿಲ್ಲದ ಒಂದು ಕಣಿವೆಯಲ್ಲಿ ತೆಗೆದ ಚಿತ್ರ ಇದು ಎಂದು. ಹಿಂದೆ ಕಾಣುತ್ತಿದ್ದ ಕಾಲುವೆಯ ಸೇತುವೆ ಮೂಡಲಗಿಯ ಬಾಜೂಕ್ಕೆ ಲಕ್ಕವ್ವನ ತವರೂರಿನದು, ಹಿಂಡು ಮರಳಿದ ಮೇಲೆ ಗಂಡಹೆಂಡತಿ ಅಲ್ಲಿಗೆ ಹೋಗಿದ್ದರು. ಅಲ್ಲಿಂದ ಕೂಗಿದರೆ ಬಸ್ಸು ನಿಲ್ಲುತ್ತದೆ.

ಆಗ ಅಧ್ಯಕ್ಷೆ ಎದ್ದು ನಿಂತಳು. ಬೆಳ್ಳಗಿನ ಕೂದಲಿನ, ಸೌಮ್ಯ ಮಾತಿನ ಹೆಂಗಸು. ವರ್ಷದ ಶ್ರೇಷ್ಠ ಪಯಣದ ಒಂದು ಚಿತ್ರವನ್ನು ಕ್ಲಬ್ಬಿನ ಮೆಟ್ಟಿಲ ಗೋಡೆಗೆ ಶಾಶ್ವತವಾಗಿ ಹಾಕುವುದು ತಮ್ಮ ಸಂಪ್ರದಾಯ, ಈ ವರ್ಷ ಈ ನಗುವನ್ನೇ ಆರಿಸಿದ್ದೇವೆ, ಆಗಲೇ ಹಾಕಿಯೂ ಆಗಿದೆ, ಹೋಗುವಾಗ ಎಲ್ಲರೂ ನೋಡಿ ಎಂದಳು. ಚಪ್ಪಾಳೆ ಬಿತ್ತು.

ಒಂದೇ ಪ್ರಶ್ನೆ

ನಾನು ಕೈ ಎತ್ತಿದೆ. ಸೀರೆ ಉಟ್ಟವಳು ನಾನೊಬ್ಬಳೇ ಆದ್ದರಿಂದ ಮೊದಲು ನನಗೇ ಅವಕಾಶ ಸಿಕ್ಕಿತು. ಮನೆ, ಭಿಕ್ಷೆ, ಘಟ್ಟ ಎಲ್ಲ ಕೇಳಬೇಕಿತ್ತು. ಕೇಳಬಹುದಾದದ್ದು ಒಂದೇ.

“ಈ ಚಿತ್ರ ತೆಗೆಯುವಾಗ ನೀವು ಎಲ್ಲಿ ನಿಂತಿದ್ದಿರಿ?”

ಡಂಕನ್‌ಗೆ ನನ್ನ ಗುರುತು ಹತ್ತಲಿಲ್ಲ. ಒಳ್ಳೆಯ ಪ್ರಶ್ನೆ ಎಂದು ನಕ್ಕ. ಅವಳಿಂದ ಎರಡು ಮಾರು ದೂರದಲ್ಲಿ ಕೂತಿದ್ದೆ ಎಂದ. ತಿಂಗಳುಗಟ್ಟಲೆ ಆ ಹೆಂಗಸು ತನಗೆ ಮುಖ ತೋರಿಸಿರಲಿಲ್ಲ, ಆ ದಿನ ಸೆರಗು ಸರಿಸಿ ತನ್ನನ್ನು ನೋಡಿ ನಕ್ಕಳು, ಆ ಗಳಿಗೆಯಲ್ಲಿ ತಾನು ಅವರಲ್ಲಿ ಒಬ್ಬನಾದೆ ಎಂದು ತಿಳಿಯಿತು ಎಂದ.

ಗಂಟೆ ಬಾರಿಸಲಿ, ನಗಾರಿಯನ್ನೇ ಬಾರಿಸಲಿ ಎಂದುಕೊಂಡು ನಾನು ನಿಂತೇ ಇದ್ದೆ. ಅವಳು ನನ್ನ ತಮ್ಮನ ಹೆಂಡತಿ. ಅವಳು ನಕ್ಕದ್ದು ಅವಳ ಗಂಡನನ್ನು ನೋಡಿ. ಚಿತ್ರ ತೆಗೆದವನು ಅವನು. ನೀವು ಒಂದು ವಾರದಲ್ಲಿ ಹೊಟ್ಟೆ ಕೆಡಿಸಿಕೊಂಡು ಕಾರು ಹತ್ತಿದವರು. ಇಷ್ಟನ್ನೂ ನನ್ನ ಕಾಲೇಜಿನ ಇಂಗ್ಲಿಷಿನಲ್ಲಿ, ತರಗತಿಯ ಕೊನೆಯ ಬೆಂಚಿಗೂ ಕೇಳುವ ಧ್ವನಿಯಲ್ಲಿ ಹೇಳಿದೆ. ಹೇಳುವಷ್ಟು ಹೊತ್ತೂ ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು.

ಡಂಕನ್ ಬಿಳಿಚಿಕೊಂಡ, ಆದರೆ ಒಂದೇ ಕ್ಷಣ. ಆಮೇಲೆ ಎರಡೂ ಕೈ ಚಾಚಿ, ಅಯ್ಯೋ ನೀವೇ, ನಿಮ್ಮ ಮನೆಯ ರೊಟ್ಟಿ ಎಷ್ಟು ಚೆನ್ನಾಗಿತ್ತು ಎಂದ. ಇಂಥ ಪಯಣವೆಲ್ಲ ತಂಡದ ಕೆಲಸ, ಚಿತ್ರಗಳೂ ತಂಡದವು, ಅದನ್ನು ನೆನಪಿಸಿದ್ದಕ್ಕೆ ಧನ್ಯವಾದ ಎಂದ. ಸಭೆಗೆ ಹೋದ ಜೀವ ಬಂದಂತಾಗಿ ಚಪ್ಪಾಳೆ ತಟ್ಟಿತು. ತಂಡವಂತೆ! ಕಾಲು ತಂಡದ್ದು, ಕಣ್ಣು ತಂಡದ್ದು, ಹೆಂಡತಿಯೂ ತಂಡದವಳು, ಹೆಸರು ಮಾತ್ರ ಇವನೊಬ್ಬನದು.

ಮನೆ ಮುಟ್ಟಿದ ಮೇಲೆ ಹಿಲ್ಡಾ, ಅವನನ್ನು ಪಕ್ಕಕ್ಕೆ ಕರೆದು ಹೇಳಬಹುದಿತ್ತು ಎಂದಳು. ಸುಳ್ಳು ಮೈಕಿನಲ್ಲಿ, ಸತ್ಯ ಕಿವಿಯಲ್ಲಿ, ಇದು ಯಾವ ಊರಿನ ನ್ಯಾಯ ಎಂದು ಕೇಳಿದೆ. ಅವಳು ನಕ್ಷೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತಳು.

ಹಿಲ್ಡಾಳ ಅಡುಗೆಮನೆ

ಬೆಳಿಗ್ಗೆ ಫೋನು ಬಂತು. ಊರಲ್ಲಿ ಆಗ ಮಧ್ಯಾಹ್ನ. ಮಾಳಪ್ಪನ ಸುತ್ತ ಜನ ಕೂಡಿದ್ದು ಸದ್ದಿನಿಂದಲೇ ತಿಳಿಯುತ್ತಿತ್ತು. ಭಿಕ್ಷೆಯ ವಿಷಯ ಹೇಳಿದೆ, ಬೈದ. ಘಟ್ಟದ ವಿಷಯ ಹೇಳಿದೆ, ನಕ್ಕ. ಲಕ್ಕವ್ವನ ಚಿತ್ರವನ್ನು ಗೋಡೆಗೆ ಹಾಕಿದ್ದಾರೆ, ಡಂಕನ್ ಹೆಸರಲ್ಲಿ, ಎಂದಾಗ ಅವನಿಗೆ ಸಿಟ್ಟಿಗಿಂತ ಹಿಗ್ಗೇ ಹೆಚ್ಚಾಯಿತು.

“ಲಂಡನ್ನ ಗ್ವಾಡಿ ಮ್ಯಾಲ ನಾ ತಗದ ಫೋಟೋ ಐತೇನಕ್ಕಾ? ಹಂಗಾರ ನನ್ನ ಹೆಸರ ಬರಸು. ಸಣ್ಣ ಅಕ್ಷರದಾಗ ಬರದರೂ ನಡೀತೈತಿ, ಒಟ್ಟ ಬರಸು.”

ಬರೆಸುತ್ತೇನೆ ಎಂದೆ. ಆಮೇಲೆ, ಹೇಳದೇ ಇರಲಾಗದೆ, ಡಂಕನ್ ಆ ನಗುವಿನ ಬಗ್ಗೆ ಹೇಳಿದ್ದನ್ನೂ ಹೇಳಿದೆ. ಅತ್ತ ಫೋನು ಕೈ ಬದಲಾಯಿಸಿತು. ಲಕ್ಕವ್ವ ಬಂದಳು. ನನ್ನ ಜೊತೆ ಅವಳು ಎಂದೂ ಎರಡು ಮಾತಿಗಿಂತ ಹೆಚ್ಚು ಆಡಿದವಳಲ್ಲ.

“ನಾ ಅವನ ಮಾರಿ ಸೈತ ನೋಡಿಲ್ರಿ ಅಕ್ಕಾರ. ಹೆಸರ ಯಾರದರ ಬರೀಲಿ, ಅದು ನನಗ ಬ್ಯಾಡ. ನನ್ನ ಅಲ್ಲಿಂದ ಇಳಸ್ರಿ.”

ಹಿಂದಿನಿಂದ ಮಾಳಪ್ಪ, ಏ ಲಂಡನ್ನದು, ನಿನಗೇನ ತಿಳೀತೈತಿ ಎಂದ. ಅವಳು ಫೋನಿನಿಂದ ಬಾಯಿ ತಿರುಗಿಸಿ ಅವನಿಗೇ ಹೇಳಿದಳು. ಆದರೂ ನನಗೆ ಸ್ಪಷ್ಟವಾಗಿ ಕೇಳಿಸಿತು.

“ನಿಮ್ಮ ಮುಂದ ನಕ್ಕದ್ದು ನಿಮ್ಮ ಮುಂದ ಇರ್ಲಿ.”

ಮಾಳಪ್ಪ ಫೋನು ಕಸಿದುಕೊಂಡು, ಆಕೆಯ ಮಾತು ಹಿಡಿಯಬೇಡ, ಹೆಸರು ಬರೆಸು ಎಂದು ಇಟ್ಟುಬಿಟ್ಟ. ನಾನು ಏನು ಮಾಡಬೇಕು? ತಮ್ಮನ ಕಷ್ಟ ನನಗೆ ಗೊತ್ತು. ಹುಟ್ಟಿದಾಗಿನಿಂದ ಏ ಕುರುಬಾ ಎಂದು ಕರೆಸಿಕೊಂಡವನು, ಒಮ್ಮೆ ತನ್ನ ಹೆಸರು ಗೋಡೆಯ ಮೇಲೆ ಬರಲಿ ಎಂದರೆ ತಪ್ಪೇನು? ಆದರೆ ಬಿಚ್ಚುಗೂದಲಲ್ಲಿ ಪರರ ಮೆಟ್ಟಿಲ ಮೇಲೆ ಕೂತಿರುವವಳು ಅವನಲ್ಲ, ಅವಳು. ಹಿಲ್ಡಾ ಏನಾಯಿತೆಂದು ಕೇಳಿದಳು. ಇದ್ದದ್ದು ಇದ್ದಂತೆ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಕೋಟು ಹಾಕಿಕೊಂಡು, ನಡಿ, ನಾನೂ ಬರುತ್ತೇನೆ ಎಂದಳು.

ಮತ್ತೆ ಕ್ಲಬ್ಬು

ಹಗಲಲ್ಲಿ ಕ್ಲಬ್ಬು ಖಾಲಿ. ಮೆಟ್ಟಿಲ ಗೋಡೆಯ ಮೇಲೆ ಮಂಜುಗಡ್ಡೆ, ಒಂಟೆ, ಹುಲಿ, ಅವುಗಳ ಸಾಲಿನಲ್ಲಿ ಲಕ್ಕವ್ವ. ಕೆಳಗೆ ಹಿತ್ತಾಳೆಯ ಪಟ್ಟಿಯ ಮೇಲೆ ಡಂಕನ್ ಹೆಸರು. ಅವಳಿಗೆ ಹೆಸರಿರಲಿಲ್ಲ. ಒಂಟೆಗೂ ಇರಲಿಲ್ಲ.

ಅಧ್ಯಕ್ಷೆ ಬಹಳ ಮರ್ಯಾದೆಯಿಂದ ಮಾತಾಡಿದಳು. ನಿನ್ನೆ ಸಭೆ ಮುಗಿದ ಮೇಲೆ ಡಂಕನ್‌ನನ್ನು ಕೇಳಿದ್ದಾಳೆ. ಆ ಚಿತ್ರ ತೆಗೆದದ್ದು ತಾನಲ್ಲ ಎಂದು ಒಪ್ಪಿದ್ದಾನೆ. ತಪ್ಪಾಗಿದೆ, ಪಟ್ಟಿ ಬದಲಿಸುತ್ತೇವೆ, ನಿಮ್ಮ ತಮ್ಮನ ಪೂರ್ತಿ ಹೆಸರು ಕೆತ್ತಿಸುತ್ತೇವೆ, ಮುಂದಿನ ವರ್ಷ ಅವನನ್ನೇ ಉಪನ್ಯಾಸಕ್ಕೆ ಕರೆಸುತ್ತೇವೆ ಎಂದಳು. ಮಾಳಪ್ಪ ಕೇಳಿದ್ದಕ್ಕಿಂತ ಹತ್ತು ಪಟ್ಟು. ನಾನು ಕ್ಷಣಕಾಲ ಸೋತೆ. ಸರಿ ಎಂದು ಬಾಯಿ ತೆರೆದೂಬಿಟ್ಟಿದ್ದೆ. ಕಣ್ಣು ಮತ್ತೆ ಆ ಸೊಟ್ಟ ಹಲ್ಲಿನ ಮೇಲೆ ಬಿತ್ತು.

ಅಲ್ಲೇ ನಿಂತು ಫೋನು ಹಚ್ಚಿದೆ. ಹಿತ್ತಾಳೆಯ ಪಟ್ಟಿಯ ವಿಷಯ, ಉಪನ್ಯಾಸದ ವಿಷಯ, ಎಲ್ಲ ಹೇಳಿದೆ. ಆಮೇಲೆ, ನಾನು ಈಗ ಅದರ ಎದುರಿಗೇ ನಿಂತಿದ್ದೇನೆ ಮಾಳಪ್ಪಾ, ಇದೇ ಮೆಟ್ಟಿಲಿನಿಂದ ದಿನಾ ಗಂಡಸರು ಹತ್ತಿ ಇಳಿಯುತ್ತಾರೆ, ನಿನ್ನ ಹೆಸರು ಓದುತ್ತಾರೆ, ಅವಳನ್ನು ನೋಡುತ್ತಾರೆ ಎಂದೆ. ಅತ್ತ ಪಾತ್ರೆಗಳ ಸದ್ದು ಕೇಳಿಸುತ್ತಿತ್ತು. ಲಕ್ಕವ್ವ ಅಲ್ಲೇ ಎಲ್ಲೋ ಕೆಲಸ ಮಾಡುತ್ತಿದ್ದಳು.

“ಇಳಿಸ್ಕೊಂಡ ಬಾರಕ್ಕಾ,” ಎಂದ ಮಾಳಪ್ಪ.

ಅಧ್ಯಕ್ಷೆಗೆ ಹೇಳಿದೆ. ಅವಳಿಗೆ ಅರ್ಥವೇ ಆಗಲಿಲ್ಲ. ಈ ಗೋಡೆಯ ಮೇಲೆ ಬರಲು ಜನ ಜೀವ ಪಣಕ್ಕಿಡುತ್ತಾರೆ, ಇಳಿಸಿ ಎಂದು ಇಂದಿನವರೆಗೆ ಯಾರೂ ಕೇಳಿಲ್ಲ ಎಂದಳು. ಅಲ್ಲದೆ ಇಳಿಸಬೇಕಾದರೆ ಡಂಕನ್‌ನ ಒಪ್ಪಿಗೆ ಬೇಕು ಎಂದಳು. ನಿನ್ನೆಯಿಂದ ಕುದಿಯುತ್ತಿದ್ದದ್ದೆಲ್ಲ ಉಕ್ಕಿ ಬಂತು.

“ನನ್ನ ತಮ್ಮನ ಹೆಸರು ಕೆತ್ತಿಸುತ್ತೇನೆ ಎಂದಿರಿ. ಹಾಗಾದರೆ ಚಿತ್ರ ಅವನದು ಎಂದು ಒಪ್ಪಿದಿರಿ. ಅವನದಾದರೆ ಒಪ್ಪಿಗೆ ಅವನದು. ಅವನು ಬೇಡ ಎಂದಿದ್ದಾನೆ. ಹೆಸರು ಮಾತ್ರ ಅವನದು, ಹಕ್ಕು ಡಂಕನ್‌ದು ಅನ್ನುವುದಾದರೆ ಆ ಹಿತ್ತಾಳೆ ಯಾತಕ್ಕೆ?”

ಅಧ್ಯಕ್ಷೆ ಹಿಲ್ಡಾಳ ಕಡೆ ನೋಡಿದಳು. ತನ್ನವಳು ತನ್ನ ಪರ ಮಾತಾಡಿಯಾಳು ಎಂದುಕೊಂಡಿರಬೇಕು. ಹಿಲ್ಡಾ ಹೇಳಿದಳು, ನಾನು ಎಂಬತ್ತು ದೇಶಗಳಲ್ಲಿ ಹೆಂಗಸರ ಚಿತ್ರ ತೆಗೆದಿದ್ದೇನೆ, ಯಾರನ್ನೂ ಕೇಳಿಲ್ಲ, ಇವಳು ಕೇಳುತ್ತಿರುವುದು ನ್ಯಾಯ ಎಂದು. ಆ ಮಾತು ಅವಳಿಗೆ ಸುಲಭವಾಗಿ ಬರಲಿಲ್ಲ. ಕೋಟಿನ ಗುಂಡಿ ತಿರುವುತ್ತ ಹೇಳಿದಳು.

ಏಣಿ ಬಂತು. ಚಿತ್ರ ಇಳಿಯಿತು. ಕಂದು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಇನ್ನು ಎಲ್ಲೂ ಇದನ್ನು ತೋರಿಸುವುದಿಲ್ಲ ಎಂದು ಡಂಕನ್‌ನಿಂದ ಮಾತು ತೆಗೆದುಕೊಳ್ಳುತ್ತೇವೆ ಎಂದರು. ಅವನ ಮಾತಿನ ಬೆಲೆ ನನಗೆ ಗೊತ್ತಿದ್ದರಿಂದ ಧನ್ಯವಾದ ಹೇಳಲಿಲ್ಲ. ಊರಿಗೆ ಹೊರಡುವ ಮುಂಚೆ ಹಿಲ್ಡಾ ಹೇಳಿದಳು, ಆ ಜಾಗದಲ್ಲಿ ಈಗ ಇನ್ನೊಂದು ಚಿತ್ರ ಬಂದಿದೆ. ಡಂಕನ್ ಕೈಯಲ್ಲಿ ಕೋಲು ಹಿಡಿದು ಕುರಿಗಳ ನಡುವೆ ನಿಂತಿದ್ದಾನೆ. ಅವಳು ಫೋನಿನಲ್ಲಿ ತೋರಿಸಿದಳು. ಆ ಕುರಿಗಳೂ ನಮ್ಮವಲ್ಲ, ಯಾರವೋ ಬಿಳಿ ಇಂಗ್ಲಿಷ್ ಕುರಿಗಳು! ಅಷ್ಟು ದೊಡ್ಡ ಕ್ಲಬ್ಬಿನಲ್ಲಿ ಒಬ್ಬರಿಗೂ ಅದು ಗೊತ್ತಾಗಿಲ್ಲ.

ಹುಕ್ಕೇರಿ

ಊರಿಗೆ ಬಂದು ಚಿತ್ರ ಕೊಟ್ಟೆ. ಲಕ್ಕವ್ವ ಕಾಗದ ಬಿಚ್ಚಿ ಒಮ್ಮೆ ನೋಡಿ, ಮತ್ತೆ ಹಾಗೇ ಸುತ್ತಿ ತನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟಳು. ನಡುಮನೆಯಲ್ಲಿ ಹಾಕೋಣ ಎಂದು ಮಾಳಪ್ಪ ಅನ್ನುತ್ತಿದ್ದಂತೆ ಅವಳು ಟ್ರಂಕಿಗೆ ಕೀಲಿ ಹಾಕಿದಳು. ಅವನಿಗೆ ಬೇಸರವಾಗಿದೆ ಎಂದು ನನಗೆ ಕಾಣುತ್ತಿತ್ತು. ಹೆಸರು ಹೋಯಿತು, ಉಪನ್ಯಾಸ ಹೋಯಿತು, ಊರಿಗೆಲ್ಲ ಮೊದಲೇ ಹೇಳಿ ಆಗಿತ್ತು. ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ನನಗೂ ಒಳಗೊಳಗೇ ಕೊರೆಯುತ್ತಿತ್ತು.

ಮುಂದಿನ ವಾರ ಮೂವರೂ ಹುಕ್ಕೇರಿ ಸಂತೆಗೆ ಹೋಗಿದ್ದೆವು. ಉಳ್ಳಾಗಡ್ಡಿ ಮಾರುವವನೊಬ್ಬ, ಮಾಳಪ್ಪನ ಪರಿಚಯದವನು, ದೂರದಿಂದಲೇ ಕೂಗಿ ಕೇಳಿದ, ಲಂಡನ್ನಿನಲ್ಲಿ ನಿನ್ನ ಫೋಟೋ ಹಾಕಿದ್ದರಂತಲ್ಲ, ಖರೆ ಏನು? ಸುತ್ತಲಿನವರೆಲ್ಲ ತಿರುಗಿ ನೋಡಿದರು. ನಾನು ತಲೆ ತಗ್ಗಿಸಿದೆ.

ಮಾಳಪ್ಪ ಹೆಗಲ ಮೇಲಿನ ಚೀಲ ಸರಿಮಾಡಿಕೊಂಡ.

“ಹಾಕಿದ್ರು. ನಾನ ಇಳಸಾಕ ಹೇಳಿದೆ.”

ಅಷ್ಟು ದೊಡ್ಡ ಊರಿನವರು ಇವನ ಮಾತು ಕೇಳಿ ಇಳಿಸಿದರೇ ಎಂದು ಉಳ್ಳಾಗಡ್ಡಿಯವನು ಬಾಯಿ ತೆರೆದ. ಕೇಳದೆ ಏನು ಮಾಡುತ್ತಾರೆ ಎಂದು ಹೇಳಿ ಮಾಳಪ್ಪ ಮುಂದೆ ನಡೆದ. ಲಕ್ಕವ್ವ ತಲೆಯ ಮೇಲಿನ ಸೆರಗು ಹಿಡಿದುಕೊಂಡು ಬದನೆಕಾಯಿ ಆರಿಸುತ್ತಿದ್ದಳು.